ಕೌದಿಗೊಂದು ಕಾಜ

ಕಲಬುರಗಿ
ಕೌದಿಯ ನೂರಾ ಹದಿನಾಲ್ಕನೆಯ ಸಾಲು, ಕಾರಹುಣ್ಣಿಮೆ ಕಳೆದ ವಾರ
(ನಿಮ್ಮ ಲೆಕ್ಕದಲ್ಲಿ ಎರಡು ಸಾವಿರದ ನೂರಾ ಎಪ್ಪತ್ತಾರನೆಯ ಇಸವಿ; ನಮ್ಮ ಲೆಕ್ಕದಲ್ಲಿ ಜೂನ್ ಮೂವತ್ತೊಂದು)

ಅಂಬಾಬಾಯಿ ಆಯಿಯವರಿಗೆ ರೇವಣಸಿದ್ಧನ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಜೂನ್ ತಿಂಗಳಿಗೆ ಮೂವತ್ತೊಂದನೆಯ ದಿನ ನಿಮ್ಮಲ್ಲಿಲ್ಲ ಎಂಬುದು ನನಗೆ ಗೊತ್ತು. ನಮ್ಮಲ್ಲಿದೆ. ಬೇಸಿಗೆಯ ಕೊನೆಗೆ ಊರಿಗೆ ಊರೇ ಸೋತು ಕೂತಿರುವಾಗ ಯಾರೂ ಯಾರಿಗೂ ಕೆಲಸ ಹೇಳಬಾರದ ದಿನವೊಂದು ಬೇಕೆಂದು ಹಿರಿಯರು ಜನವರಿಯ ತುದಿಯಿಂದ ಒಂದು ದಿನ ಕತ್ತರಿಸಿ ಜೂನಿನ ತುದಿಗೆ ಹೊಲಿದರು. ಅದಕ್ಕೆ ಸುಮ್ಮನಿರುವ ದಿನ ಎಂದು ಹೆಸರು. ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸತಾಗಿ, ಕೆಲವು ಹುಚ್ಚಾಗಿ ಕಂಡಾವು. ಮನ್ನಿಸಿ. ಬಂದಲ್ಲಿ ಬಂದ ಹಾಗೆ ಬಿಡಿಸಿ ಹೇಳುತ್ತ ಹೋಗುತ್ತೇನೆ. ಪತ್ರ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ. ಮುಂದಕ್ಕೆ ಹೋಗುವ ಪತ್ರಗಳು ತಡವಾಗುತ್ತವೆ. ಹಿಂದಕ್ಕೆ ಹೋಗುವುದು ಬೇಗ ಮುಟ್ಟೀತು ಎಂದು ನಂಬಿದ್ದೇನೆ.

ನಿಮ್ಮನ್ನು ಏನೆಂದು ಕರೆಯುವುದು ಎಂಬುದೂ ಒಂದು ತೊಡಕು. ನೀವು ನಮ್ಮ ಮನೆತನದಲ್ಲಿ ನನಗಿಂತ ಐದು ತಲೆಮಾರು ಹಿಂದಿನವರು. ಆದರೆ ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ನಿಮಗೆ ಮೂವತ್ತರ ಆಸುಪಾಸು, ನನಗೆ ನಲವತ್ತೈದು. ವಯಸ್ಸಿನಲ್ಲಿ ತಂಗಿ, ವಂಶದಲ್ಲಿ ಆಯಿ. ದೊಡ್ಡದನ್ನೇ ಹಿಡಿದು ಆಯಿ ಎನ್ನುತ್ತೇನೆ. ಅಜ್ಜಿಯೆನಿಸಿಕೊಳ್ಳಲು ಇಷ್ಟು ಬೇಗ ಒಪ್ಪಿದ ಹೆಂಗಸು ನೀವೊಬ್ಬರೇ ಇರಬೇಕು.

ನಿಮ್ಮ ಬಗ್ಗೆ ನನಗೆ ತಿಳಿದಿರುವುದು ಸ್ವಲ್ಪ. ನೀವು ಮೂರನೆಯ ಮಹಡಿಯ ಮನೆಯಲ್ಲಿ ಇರುತ್ತೀರಿ, ಬಣ್ಣದ ಗಾಜಿನ ಕಿಟಕಿಗಳಿವೆ, ಗಾಜೇರಿಸಿದ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತೀರಿ, ಬಿಸಿಲಿಗೆ ಬಣ್ಣ ಕಪ್ಪಾಗುತ್ತದೆಂದು ಮಾಳಿಗೆ ಹತ್ತುವುದಿಲ್ಲ. ಇದೆಲ್ಲ ಮುದುಕಿಯಾದ ಮೇಲೆ ನೀವೇ ಹೇಳಿದ್ದು. ನಮ್ಮ ಮನೆಯ ಹೆಂಗಸರು ಸೊಸೆಯಿಂದ ಸೊಸೆಗೆ ದಾಟಿಸಿಕೊಂಡು ಬಂದದ್ದು. ಇನ್ನೊಂದು ಸಂಗತಿ ನಿಮಗೇ ಗೊತ್ತಿಲ್ಲ, ಏಕೆಂದರೆ ಅದು ಇನ್ನೂ ನಡೆದಿಲ್ಲ. ನಿಮ್ಮ ಎಪ್ಪತ್ತನೆಯ ವಯಸ್ಸಿನ ಹೊತ್ತಿಗೆ ಈ ಊರಿನ ಬೇಸಿಗೆ ಮನುಷ್ಯರ ಕೈ ಮೀರುತ್ತದೆ. ಆಗ ನೀವು ನಿಮ್ಮ ಮದುವೆಯ ಇಳಕಲ್ ಸೀರೆಯನ್ನು ಹರಿದು, ಅದರ ಸೆರಗನ್ನು ಊರ ಮೇಲಿನ ನೆರಳಿಗೆ ಮೊದಲ ತೇಪೆಯಾಗಿ ಹೊಲಿಯುತ್ತೀರಿ. ಆ ತೇಪೆ ಈಗಲೂ ಬಾವಿ ಚೌಕದ ಮೇಲೆ ಇದೆ. ಬಣ್ಣ ಹೋಗಿದೆ, ಹೊಲಿಗೆ ಹೋಗಿಲ್ಲ.

ಆ ನೆರಳಿಗೇ ನಾವು ಕೌದಿ ಎನ್ನುತ್ತೇವೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹೊಲಿದು ಹೊದ್ದುಕೊಳ್ಳುತ್ತಿದ್ದಿರಲ್ಲ, ಅದೇ ಕೌದಿ. ಈಗ ಅದನ್ನು ಊರೇ ಹೊದ್ದಿದೆ. ಶಹಾಬಾದ್ ಕಲ್ಲಿನ ಕಂಬಗಳಿಂದ ಕಂಬಗಳಿಗೆ ಹಗ್ಗ ಎಳೆದು, ಓಣಿ ಓಣಿಯ ಮೇಲೂ ಹರಡಿದ ಬಿಳಿಯ ಬಟ್ಟೆಯ ಆಕಾಶ. ಅದರ ಕೆಳಗೆ ಲಾವಂಚದ ತಟ್ಟಿಗಳಿಗೆ ನೀರು ಚಿಮುಕಿಸಿ ಗಾಳಿಯನ್ನು ತಣಿಸುತ್ತೇವೆ. ಹೊಲದ ಕೆಲಸವೆಲ್ಲ ಸೂರ್ಯ ಮುಳುಗಿದ ಮೇಲೆ. ಜೋಳಕ್ಕೆ ಹಗಲು, ಜನಕ್ಕೆ ಇರುಳು. ಬೆಳಗ್ಗೆ ಹೊತ್ತೇರಿದ ಮೇಲೆ ಉರಿಗಂಟೆ ಬಾರಿಸುತ್ತಾರೆ. ಆಮೇಲೆ ಕೌದಿಯ ಹೊರಗೆ ಯಾರೂ ಕಾಲಿಡುವಂತಿಲ್ಲ. ನಾಯಿಗಳಿಗೂ ಈ ಕಾನೂನು ಗೊತ್ತು. ಬೆಕ್ಕುಗಳು ಮಾತ್ರ ಎಂದಿನಂತೆ ಕೇಳುವುದಿಲ್ಲ.

ನನ್ನ ಕಸುಬು ಡಂಗುರ ಬರೆಯುವುದು. ನೆರಳು ಪಂಚಾಯ್ತಿ, ಅಂದರೆ ಕೌದಿಯನ್ನು ನೋಡಿಕೊಳ್ಳುವ ಮಂಡಳಿ, ಹೇಳುವ ಒಣ ಸುದ್ದಿಗೆ ಪ್ರಾಸದ ಎಣ್ಣೆ ಸವರಿ ಓಣಿಗಳಿಗೆ ಕಳಿಸುತ್ತೇನೆ. ಪ್ರಾಸವಿಲ್ಲದ ಸುದ್ದಿಯನ್ನು ನಮ್ಮ ಜನ ನೆನಪಿಡುವುದಿಲ್ಲ. ಪ್ರಾಸವಿದ್ದರೆ ಸುಳ್ಳನ್ನೂ ನೆನಪಿಡುತ್ತಾರೆ.

ಅಂಥದೊಂದು ನನಗಿಂತ ಬಹಳ ಹಿಂದಿನಿಂದ ಊರ ನಡುವಿನ ಗಾಜಿನ ಮಾಳಿಗೆಯ ಬಾಗಿಲ ಮೇಲೆ ಕೆತ್ತಿತ್ತು: "ಗಾಜಿನೊಳಗೆ ಕೂಡು, ಗಜದ ಬಲ ನೋಡು." ಈ ಗಾಜಿನ ಮಾಳಿಗೆ ನಮ್ಮ ಹೆಮ್ಮೆ. ನೆರಳಿನಲ್ಲೇ ಬದುಕುವ ಜನಕ್ಕೆ ಬಿಸಿಲೂ ಬೇಕೆಂದು ನಮ್ಮ ಹಿರಿಯರಿಗೆ ತಿಳಿದಿತ್ತು. ಹಾಗೆಂದು ಧೂಳಿನ ಬಿಸಿಗಾಳಿಯಲ್ಲಿ ಕೂರಿಸಲಾಗದು. ಅದಕ್ಕೆ ಕೌದಿಯಿಂದ ಮೇಲಕ್ಕೆ ಚಾಚಿದ ದೊಡ್ಡ ಗಾಜಿನ ಕೋಣೆ ಕಟ್ಟಿದರು. ಸೂರ್ಯ ಹುಟ್ಟುವ ಹೊತ್ತಿಗೆ ಒಂದೊಂದು ಮನೆಗೂ ಅಲ್ಲಿ ಬಿಸಿಲುಪಾಳಿ. ಮಿಂದು, ಮಡಿ ಉಟ್ಟು, ಗಾಜಿನೊಳಗೆ ಸಾಲಾಗಿ ಕೂತು, ಎಳೆಬಿಸಿಲಿಗೆ ಮುಖ ಒಡ್ಡಿ, ಹಿತವಾಗಿ ತೂಕಡಿಸಿ ಇಳಿದು ಬರುವುದು. ಕೂಸುಗಳಿಗೆ ಎಣ್ಣೆ ಹಚ್ಚಿ ಅಲ್ಲೇ ಮಲಗಿಸುವುದು. ಪಾಳಿ ತಪ್ಪಿಸಿದವನನ್ನು ಊರು ಮೈಗಳ್ಳ ಎನ್ನುತ್ತಿತ್ತು. ಪ್ರಾಸಕ್ಕೆ ಆನೆ ಸಿಕ್ಕಿತ್ತು. ಆನೆಯ ಬಲ ಯಾರಿಗೂ ಸಿಕ್ಕಿರಲಿಲ್ಲ ಎಂಬುದು ಬಹಳ ತಡವಾಗಿ ತಿಳಿಯಿತು. ಅದನ್ನು ಹೇಳಲೆಂದೇ ಈ ಪತ್ರ.

ಅದಕ್ಕೆ ಮೊದಲು ಕೌದಿಯ ಉಡಿಯ ವಿಷಯ ಹೇಳಬೇಕು. ಬೇಸಿಗೆಯಿಡೀ ಬಿಸಿಲುಂಡು ಕೌದಿ ಅಲ್ಲಲ್ಲಿ ಜಾಳಾಗುತ್ತದೆ. ಕಾರಹುಣ್ಣಿಮೆಗೆ ಹೊಸ ಸಾಲೊಂದನ್ನು ಹೊಲಿದು ಸೇರಿಸುತ್ತೇವೆ. ಹೊಲಿಯುವ ಹಕ್ಕು ಮೊದಲ ಸಾಲನ್ನು ಹೊಲಿದವರ ಮನೆತನಗಳದ್ದು. ಮನೆಗೊಂದು ಸೂಜಿ, ಅತ್ತೆಯಿಂದ ಸೊಸೆಗೆ. ಅವತ್ತು ಸೂಜಿಯ ಹೆಂಗಸರೆಲ್ಲ ಹೊಸ ಬಟ್ಟೆಯ ಸುತ್ತ ನೆಲದ ಮೇಲೆ ಕೂಡುತ್ತಾರೆ. ಬಟ್ಟೆಯ ನಾಲ್ಕು ಮೂಲೆಗೂ ಜೋಳ, ಕೊಬ್ಬರಿ, ಅರಿಷಿಣ ಕೊಂಬು ಇಟ್ಟು, ಬಸುರಿಗೆ ತುಂಬುವ ಹಾಗೆ ಉಡಿ ತುಂಬುತ್ತಾರೆ. ಹಾಡು ಹೇಳುತ್ತಾರೆ. ಹಾಡು ಮುಗಿದ ಕೂಡಲೇ ಪ್ರತಿಯೊಬ್ಬಳೂ ತನ್ನ ಪಾಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಕೈ ಊರದೆ, ಎಲ್ಲರೊಡನೆ ಒಟ್ಟಿಗೆ ಎದ್ದು ನಿಲ್ಲಬೇಕು. ಏಳಲಾರದವಳ ಸೂಜಿ ಅವತ್ತೇ ಆ ಮನೆಯಿಂದ ಬೇರೆ ಮನೆಗೆ ಹೋಗುತ್ತದೆ. ಕಟು ಅನ್ನಿಸಬಹುದು. ಆದರೆ ಎದ್ದವರು ಮುಂದೆ ಹಗ್ಗ ಹಿಡಿದು ಕಂಬ ಹತ್ತಬೇಕು. ನೆಲದಿಂದ ಏಳಲಾರದ ಕಾಲು ಕಂಬದ ಮೇಲೆ ನಿಲ್ಲಲಾರದು. ಕಟ್ಟಳೆ ಹುಟ್ಟಿದ್ದು ಹಾಗೆ.

ನಮ್ಮ ಮನೆಯ ಸೂಜಿ ನಿಮ್ಮದು, ಆಯಿ. ಈಗ ಅದು ನನ್ನ ಹೆಂಡತಿ ಮಹಾನಂದಾಳ ಕೈಯಲ್ಲಿದೆ.

ಮಹಾನಂದಾ ನಡೆದರೆ ಓಣಿಯ ಕೋಳಿಗಳು ದಾರಿ ಬಿಡುತ್ತಿದ್ದವು, ಅಷ್ಟು ಬಿರುಸು. ಮೂರು ವರ್ಷದ ಹಿಂದೆ ಅವಳ ನಡಿಗೆ ನಿಧಾನವಾಯಿತು. ಸೊಂಟದಲ್ಲಿ, ತೊಡೆಯಲ್ಲಿ, ಪಕ್ಕೆಲುಬಿನಲ್ಲಿ ಇಂಥಲ್ಲೇ ಎಂದು ಬೆರಳಿಟ್ಟು ತೋರಿಸಲಾಗದ ನೋವು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದಳು. ರೊಟ್ಟಿ ಬಡಿದು ಏಳುವಾಗ ಮೊಣಕಾಲಿಗೆ ಕೈ ಊರಿದಳು. ಆಮೇಲೆ ನೆಲಕ್ಕೆ ಕೈ ಊರಿದಳು. ನಡೆಯುವಾಗ ಬಾತುಕೋಳಿಯ ಹಾಗೆ ಆಚೀಚೆ ಓಲತೊಡಗಿದಳು. ಎಷ್ಟು ಮಲಗಿದರೂ ಸುಸ್ತು. ಎಲ್ಲಕ್ಕಿಂತ ನನಗೆ ತಾಗಿದ್ದೆಂದರೆ, ರೊಟ್ಟಿ ಬಡಿಯುವಾಗ ಅವಳು ಗುನುಗುತ್ತಿದ್ದ ಕೌದಿ ಹಾಡು ನಿಂತುಹೋಯಿತು. ಯಾವತ್ತು ನಿಂತಿತೆಂದು ಹೇಳಲಾರೆ. ಇಲ್ಲ ಎಂದು ಗೊತ್ತಾದಾಗ ಬಹಳ ದಿನಗಳಾಗಿದ್ದವು.

ನನ್ನ ತಾಯಿ ಗೌರಾಬಾಯಿಗೆ ಇದು ಬರೀ ಸೋಮಾರಿತನವಾಗಿ ಕಂಡಿತು. "ನಿನ್ನ ವಯಸ್ಸಿನ್ಯಾಗ ನಾ ಕುಂತು ಎದ್ದು ಇಡೀ ಸಾಲು ಹೊಲೀತಿದ್ದೆ. ನಿನಗೇನವಾ, ನೆಲಾನೇ ಬಿಡ್ಲಿಕ್ಕ ಒಲ್ಲದು!" ಎನ್ನುವಳು. ಮಹಾನಂದಾ ಬಿಟ್ಟವಳಲ್ಲ. "ನೆಲಕ್ಕ ನನ್ನ ಮ್ಯಾಲ ಭಾಳ ಪ್ರೀತಿ ಅದ ಅತ್ತಿ. ನಿಮಗಿದ್ದಿದ್ರ ನಾ ಇಷ್ಟೊತ್ತಿಗೆ ಎದ್ದು ಬರ್ತಿದ್ದೆ." ಇಬ್ಬರೂ ನಗುತ್ತಿರಲಿಲ್ಲ. ಅವ್ವನ ಮಾತಿನ ಒಳಗೆ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಐದು ತಲೆಮಾರಿನ ಸೂಜಿ ಅವಳ ಕಣ್ಣೆದುರು ಬೇರೆ ಮನೆಯ ಬಾಗಿಲು ದಾಟೀತು ಎಂಬ ಹೆದರಿಕೆ. ಊರ ಜನ ಬೆಂಕಿಗೆ ತುಪ್ಪ ಸುರಿಯಲು ಸದಾ ಸಿದ್ಧ. "ಬಿಸಿಲುಪಾಳಿ ತಪ್ಪಿಸ್ತಾಳೇನೋ" ಎಂದರು. ಮಹಾನಂದಾ ಒಂದು ಪಾಳಿಯನ್ನೂ ತಪ್ಪಿಸಿದವಳಲ್ಲ. ಬಲ ಕಡಿಮೆಯಾದಷ್ಟೂ ಬೇರೆಯವರ ಪಾಳಿಯನ್ನೂ ಬೇಡಿ ಪಡೆದು ಗಾಜಿನೊಳಗೆ ಕೂತಳು. ಬಿಸಿಲನ್ನು ಅಷ್ಟು ನಂಬಿ ಕೂತವರನ್ನು ನಾನು ಕಂಡಿಲ್ಲ.

ಹೋದ ವರ್ಷದ ಕಾರಹುಣ್ಣಿಮೆ. ಹಾಡು ಮುಗಿಯಿತು. ಸಾಲು ಎದ್ದಿತು. ಮಹಾನಂದಾ ಅರ್ಧ ಎದ್ದು ನಿಂತಳು, ಅಂದರೆ ನಿಲ್ಲಲೂ ಇಲ್ಲ, ಕೂರಲೂ ಇಲ್ಲ. ತೊಡೆ ನಡುಗುವುದು ಸೀರೆಯ ಮೇಲಿಂದಲೇ ಕಾಣುತ್ತಿತ್ತು. ಆಚೀಚೆಯ ಹೆಂಗಸರಿಬ್ಬರು ಬಟ್ಟೆಯ ಮರೆಯಲ್ಲಿ ಮೊಣಕೈ ಕೊಟ್ಟು ಎತ್ತಿದರು. ಎಲ್ಲರೂ ಕಂಡರು. ಹಿರೇಸೂಜಿ ಬಂಗಾರೆಮ್ಮ, ಅಂದರೆ ಸೂಜಿಯವರ ಮುಖ್ಯಸ್ಥೆ, ಹತ್ತಿರ ಬಂದು ಅವಳ ಸೆರಗು ಸರಿಮಾಡುತ್ತ ಹೇಳಿದ್ದು ಇಷ್ಟೇ: "ಈ ವರ್ಷ ನನಗ ಕಣ್ಣು ಮಂಜು, ಏನೂ ಕಾಣಲಿಲ್ಲವ್ವ. ಬರೋ ವರ್ಷ ಚಲೋ ಕಾಣ್ತಾವ." ಮನೆಗೆ ಬಂದು ಮಹಾನಂದಾ ಸೂಜಿಯನ್ನು ದೇವರ ಜಗಲಿಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅದೇ ತಿಂಗಳು ಊರಿಗೆ ಡಾಕ್ಟರ್ ತಸ್ನೀಮ್ ಬಂದರು. ಬೀದರಿನ ಕಡೆಯವರು. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಮಹಾನಂದಾಳನ್ನು ಮಂಚದ ಮೇಲೆ ಮಲಗಿಸಲಿಲ್ಲ. ನೆಲದ ಮೇಲೆ ಕೂಡಿಸಿ "ಏಳ್ರಿ" ಎಂದರು. ಅವಳು ಎದ್ದ ರೀತಿಯನ್ನು ನೋಡಿ, ಮುಂಗಾಲಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿದರು. ಅವಳು ಚೀರಿದಳು. ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ನಾವು ಮೂವರೂ ಹೋಗಿದ್ದೆವು. ವಿಟಮಿನ್ ಡಿ ತಳ ಸೇರಿದೆ ಎಂದರು. ನಾನು ನಕ್ಕುಬಿಟ್ಟೆ. ಬಿಸಿಲೂರಿನಲ್ಲಿ ಬಿಸಿಲಿನ ಬರವೇ? ಸಮುದ್ರದ ಜೊತೆ ನೆಂಟಸ್ತನ, ಉಪ್ಪಿಗೆ ಬಡತನ ಎಂದಂತಾಯಿತು. ಅವ್ವ ಮುಂದೆ ಬಂದು, "ಡಾಕ್ಟರ್ ಬಾಯಿ, ದಿನಾ ಗಾಜಿನ ಮಾಳಗಿ ಮ್ಯಾಲ ಕುಂದರ್ತಾಳ. ಬೇಕಾದ್ರ ಊರನ್ನ ಕೇಳ್ರಿ" ಎಂದಳು. ತಸ್ನೀಮ್ ಸಮಾಧಾನವಾಗಿ, "ಅದೇ ಆಯ್ತು ನೋಡ್ರಿ ಅಮ್ಮಾ. ಗಾಜಿನೊಳಗ ಕುಂತು ನೀವು ಬಿಸಿಲು ನೋಡೀರಿ. ಉಂಡಿಲ್ಲ" ಎಂದರು.

ಆಮೇಲೆ ಬಿಡಿಸಿ ಹೇಳಿದರು. ಬಿಸಿಲಿನಲ್ಲಿ ಬೆಳಕು ಬೇರೆ, ಕಾವು ಬೇರೆ, ಚರ್ಮಕ್ಕೆ ಈ ವಿಟಮಿನ್ ಮಾಡಿಕೊಳ್ಳಲು ಬೇಕಾದ ಕಿರಣ ಬೇರೆ. ಗಾಜು ಬೆಳಕನ್ನೂ ಕಾವನ್ನೂ ಒಳಗೆ ಬಿಟ್ಟು, ಆ ಕಿರಣವನ್ನು ಮಾತ್ರ ಹೊಸ್ತಿಲಲ್ಲೇ ತಡೆಯುತ್ತದೆ. ಗಾಜು ಇಲ್ಲದಿದ್ದರೂ ಸೂರ್ಯ ಹುಟ್ಟುವ ಹೊತ್ತಿನ ಓರೆಬಿಸಿಲಿನಲ್ಲಿ ಅದು ಹೆಸರಿಗಷ್ಟೇ ಇರುತ್ತದೆ. ವಿಟಮಿನ್ ಇಲ್ಲದಿದ್ದರೆ ಉಂಡ ಆಹಾರದ ಕ್ಯಾಲ್ಸಿಯಂ ಮೈಗೆ ಹತ್ತದೆ ಎಲುಬು ಮೆತ್ತಗಾಗುತ್ತದೆ, ತೊಡೆ, ಸೊಂಟದ ಸ್ನಾಯುಗಳು ಸೋಲುತ್ತವೆ, ಮನಸ್ಸೂ ಮಂಕಾಗುವುದುಂಟು. ಮಕ್ಕಳ ಕಾಲು ಬಿಲ್ಲಿನಂತೆ ಬಾಗುತ್ತದೆ. ಮುದುಕರ ಎಲುಬು ಬಚ್ಚಲಲ್ಲಿ ಸಣ್ಣಗೆ ಜಾರಿದರೂ ಮುರಿಯುತ್ತದೆ. ನಮ್ಮೂರಿನ ಮಕ್ಕಳ ಬಾಗಿದ ಕಾಲಿಗೆ ನಾವು ಕಲಬುರಗಿ ಕಮಾನು ಎಂದು ಹೆಸರಿಟ್ಟು, ಊರ ಲಕ್ಷಣವೆಂದು ಮುದ್ದಾಡುತ್ತಿದ್ದೆವು.

ಮಹಾನಂದಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. ವಾಸಿಯಾಗುತ್ತದೆಯೇ ಎಂದಲ್ಲ. "ಹಂಗಾದ್ರ ನಾ ಮೈಗಳ್ಳಿ ಅಲ್ಲ?" ಎಂದಳು. ತಸ್ನೀಮ್ ಅವಳ ಕೈ ಹಿಡಿದು, "ಅಲ್ಲವ್ವ. ನಿನ್ನ ಮೈಯಾಗ ಬಿಸಿಲಿಲ್ಲ, ಅಷ್ಟ" ಎಂದರು. ಮರುದಿನ ಬೆಳಗ್ಗೆ ನೋಡಿದರೆ ಒಲೆಯ ಮುಂದೆ ಎರಡು ಮಣೆ ಒಂದರ ಮೇಲೊಂದು ಇಟ್ಟು, ಅವ್ವ ಮೇಲೆ ಮಡಚಿದ ಕೌದಿ ಹಾಸಿದ್ದಳು. ಸೊಸೆ ಕೂತು ಏಳಲು ಎತ್ತರ ಬೇಕಲ್ಲ. ಕ್ಷಮೆ ಕೇಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ. ಮಣೆ ಹಾಕುವ ಪದ್ಧತಿ ಇದೆ.

ಗುಳಿಗೆ ಶುರುವಾಯಿತು, ವಾರಕ್ಕೊಂದು. ಕುರಿಯ ಉಣ್ಣೆಯ ಜಿಡ್ಡಿಗೆ ಬೆಳಕು ಹಾಯಿಸಿ ಅದನ್ನು ಮಾಡುತ್ತಾರೆಂದು ತಿಳಿದು ಮಹಾನಂದಾ ಅನುಮಾನಿಸಿದಳು. ನಮ್ಮ ಮನೆಯಲ್ಲಿ ಕುರಿಯ ಸಂಬಂಧ ಇಲ್ಲವಲ್ಲ. ಅವ್ವನೇ ತೀರ್ಪು ಕೊಟ್ಟಳು. "ಕಂಬಳಿ ಮಡಿಗೆ ನಡೀತದ, ಗುಳಿಗಿ ನಡ್ಯಾಂಗಿಲ್ಲೇನು? ನುಂಗು." ಆಸೆಬಿದ್ದು ದಿನವೂ ನುಂಗಬೇಡಿ, ಹೆಚ್ಚಾದರೆ ಅದೂ ವಿಷ ಎಂದು ತಸ್ನೀಮ್ ಎಚ್ಚರಿಸಿದ್ದರು. ಆದರೆ ನಮ್ಮ ಬೇಸಿಗೆಗಳಿಗೆ ಕುರಿಗಳು ಉಳಿದಿಲ್ಲ. ಗುಳಿಗೆ ದೂರದ ಚಳಿಯ ನಾಡುಗಳಿಂದ ಬರಬೇಕು. ಒಬ್ಬಳಿಗೆ ಸಾಕು, ಊರಿಗೆ ಸಾಲದು. ತಸ್ನೀಮ್ ಸೂಜಿಯ ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ "ಏಳ್ರಿ" ಎಂದು ನೋಡಿದಾಗ, ಮೊದಮೊದಲು ನಗೆಯೋ ನಗೆ. ಅರ್ಧಕ್ಕಿಂತ ಹೆಚ್ಚು ಜನ ಕದ್ದು ಕದ್ದು ನೆಲಕ್ಕೆ ಕೈ ಊರಿದ್ದು ಕಂಡ ಮೇಲೆ ನಗೆ ನಿಂತಿತು. ಬಂಗಾರೆಮ್ಮ ಆಟಕ್ಕೆ ಕೂರಲೇ ಇಲ್ಲ. ಮಂಡಿನೋವು ಎಂದಳು.

ಪಂಚಾಯ್ತಿ ಸೇರಿತು. ತಸ್ನೀಮ್ ಹೇಳಿದ್ದು ಸರಳ. ನಿಮ್ಮ ನೆರಳು ನಿಮಗಿಂತ ಉದ್ದವಿದ್ದಾಗ ಬಿಸಿಲಿನಿಂದ ಎಲುಬಿಗೆ ಲಾಭ ಅಷ್ಟಕ್ಕಷ್ಟೇ. ನೆರಳು ನಿಮಗಿಂತ ಗಿಡ್ಡವಾದಾಗ ಬನ್ನಿ, ಬರಿಯ ಬಿಸಿಲಿಗೆ, ತೋಳು ಕಾಲು ತೆರೆದು. ಚರ್ಮ ಸುಡುವ ಮೊದಲೇ ನೆರಳಿಗೆ ಹೋಗಿ. ಕಪ್ಪು ಚರ್ಮಕ್ಕೆ ತುಸು ಹೆಚ್ಚು ಹೊತ್ತು ಬೇಕು, ವಯಸ್ಸಾದವರಿಗೂ. ನೆರಳು ಗಿಡ್ಡವಾಗುವುದಕ್ಕೂ ಉರಿಗಂಟೆ ಬಾರಿಸುವುದಕ್ಕೂ ನಡುವೆ ಒಂದು ಸಣ್ಣ ಸಂದು ಇದೆ; ಅಷ್ಟು ಸಾಕು. ಅದಕ್ಕೆ ಬಾವಿ ಚೌಕದ ಮೇಲೆ ಕೌದಿಯನ್ನು ಕತ್ತರಿಸಿ ಬಾಯಿ ಬಿಡಿಸಬೇಕು.

ಕತ್ತರಿಸುವುದು ಎಂಬ ಮಾತು ಕೇಳಿದ್ದೇ ಸಭೆ ಕಲಕಿಹೋಯಿತು. ನೂರು ಚಿಲ್ಲರೆ ವರ್ಷಗಳಿಂದ ತೂತು ಮುಚ್ಚುವುದೊಂದೇ ಧರ್ಮವೆಂದು ಬದುಕಿದ ಊರು ನಮ್ಮದು. ಅಧ್ಯಕ್ಷರು ಗಾಜಿನ ಮಾಳಿಗೆಗೆ ಇನ್ನೊಂದು ಗಾಜು ಹಾಕಿಸೋಣ ಎಂದರು; ಅವರಿಗೆ ಎಲ್ಲ ರೋಗಕ್ಕೂ ಗಾಜೇ ಮದ್ದು. ಬಂಗಾರೆಮ್ಮ ಎದ್ದು, ಅಂದರೆ ಇಬ್ಬರ ಹೆಗಲು ಹಿಡಿದು ಎದ್ದು, ಕೈ ತೋರಿಸಿ ಕೇಳಿದಳು: "ಹರಿದಿದ್ದು ಹೊಲೀಲಿಕ್ಕ ಹುಟ್ಟಿದ ಕೈ ಇವು. ಹೊಲಿದಿದ್ದು ಹರೀ ಅಂತೀರಿ? ಅದೂ ಅಂಬಾಬಾಯಿ ತ್ಯಾಪಿ ಬಾಜೂಕ?" ನಿಮ್ಮ ಹೆಸರು ಬಂದೊಡನೆ ಅಧ್ಯಕ್ಷರೂ ಕೈ ಮುಗಿದರು.

ಮಹಾನಂದಾ ಕೂತಲ್ಲಿಂದಲೇ ಮಾತಾಡಿದಳು. ಏಳುವುದು ಕಷ್ಟವಿತ್ತಲ್ಲ. "ಹರೀಬ್ಯಾಡ್ರಿ ಚಿಗವ್ವ. ಕಾಜ ಹಾಕೋಣ."

ಕಾಜ ನಿಮಗೆ ಗೊತ್ತು, ಆಯಿ. ಅಂಗಿಗೆ ಗುಂಡಿ ಸಿಗಿಸಲು ಸುತ್ತ ದಾರ ಕಟ್ಟಿ ಹೊಲಿಯುವ ಕಿಂಡಿ. "ಅಂಗಿಗೆ ಕಾಜ ಹಾಕಿದ್ರ ಅಂಗಿ ಹರೀತು ಅಂತ ಯಾರಾದ್ರೂ ಅಂತಾರೇನ್ರಿ? ಸುತ್ತ ಗಟ್ಟಿ ಹೊಲಿಗಿ ಹಾಕೋಣ. ಮ್ಯಾಲ ಒಂದು ಮುಚ್ಚಳ, ಅದಕ್ಕೊಂದು ಗುಂಡಿ. ಬೇಕಾದಾಗ ಬಿಚ್ಚೋದು, ಬ್ಯಾಡಾದಾಗ ಹಾಕೋದು. ಗುಂಡಿ ಹಾಕಲಿಕ್ಕ ಬರಲಾರದ ಅಂಗಿ ಎದಕ್ಕ ಬರ್ತದ್ರಿ, ಪಾತ್ರಿ ಒರಸಲಿಕ್ಕ." ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಬಂಗಾರೆಮ್ಮ ತನ್ನ ಕೈಗಳನ್ನು ನೋಡಿಕೊಂಡಳು. "ಕಾಜಕ್ಕ ಎರಡೆಳಿ ದಾರ ಬೇಕು" ಎಂದಳು ಕೊನೆಗೆ. ಒಪ್ಪಿಗೆ ಎಂದರ್ಥ.

ಕಾಜ ಆಯಿತು. ಮನೆಯಂಗಳದಷ್ಟು ಅಗಲ. ಮುಚ್ಚಳಕ್ಕೆ ಬಡಗಿಯಿಂದ ಊಟದ ಗಂಗಾಳದಷ್ಟು ದೊಡ್ಡ ಮರದ ಗುಂಡಿ ಮಾಡಿಸಿದರು. ಕೆಳಗೆ ತಟ್ಟಿಯ ಮರೆ ಕಟ್ಟಿ ಹೆಂಗಸರಿಗೊಂದು ಕಡೆ, ಗಂಡಸರಿಗೊಂದು ಕಡೆ. ಡಂಗುರ ನನ್ನದು: "ನೆರಳು ಗಿಡ್ಡ ಆದ ಹೊತ್ತಿಗೆ, ಮೈ ಒಡ್ಡು ಕಾಜಿಗೆ, ಕೈ ಮುಗಿ ಗಾಜಿಗೆ." ಮಕ್ಕಳು ಅದಕ್ಕೆ ತಮ್ಮದೇ ಒಂದು ಸಾಲು ಸೇರಿಸಿ ಹಾಡುತ್ತಾರೆ. ಅದರಲ್ಲಿ ಅಧ್ಯಕ್ಷರ ಹೆಸರಿದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಆ ವರ್ಷದ ಬೆಳಗುಗಳನ್ನು ನಾನು ಮರೆಯಲಾರೆ. ಅವ್ವ ಸೊಸೆಯನ್ನು ಕೈಹಿಡಿದು ಚೌಕಕ್ಕೆ ಕರೆದೊಯ್ಯುವಳು. ಬಿಸಿಲಲ್ಲಿ ನಿಲ್ಲಿಸಿ, ಅವಳ ನೆರಳಿನ ತಲೆಯಿಂದ ಕಾಲಿನವರೆಗೆ ಒಂದು ಕೋಲು ಮಲಗಿಸುವಳು. ಅದೇ ಕೋಲನ್ನು ಎತ್ತಿ ಸೊಸೆಯ ಬೆನ್ನಿಗೆ ಹಿಡಿಯುವಳು. "ಇನ್ನಾ ಉದ್ದ ಅದ. ತಡಿ." ಮತ್ತೆ ಅಳತೆ. "ಹಾಂ, ಈಗ ಗಿಡ್ಡ ಆದಿ. ಕುಂದರು." ಮಹಾನಂದಾ, "ಇಷ್ಟು ವರ್ಷ ನನ್ನ ತಪ್ಪು ಅಳದ್ರಿ, ಈಗ ನೆರಳು ಅಳೀಲತ್ತೀರಿ" ಎಂದು ಚುಚ್ಚಿದರೆ, ಅವ್ವ, "ಎರಡೂ ಉದ್ದೇ ಇದ್ದುವು, ಸುಮ್ನ ಕುಂದರು" ಎನ್ನುವಳು. ತನ್ನ ಮುಪ್ಪಿಗೆ ಬಿಸಿಲೇಕೆ ಎನ್ನುತ್ತಿದ್ದ ಅವ್ವನೂ, ಸೊಸೆ ಒಬ್ಬಳೇ ಕೂತರೆ ಬೇಸರವೆಂಬ ನೆಪ ಹೇಳಿ, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಪಕ್ಕದಲ್ಲಿ ಕೂರತೊಡಗಿದಳು. ನಾಲ್ಕು ಕಾಲುಗಳು, ನಾಲ್ಕು ತೋಳುಗಳು, ಮೇಲೆ ಒಂದು ಚೌಕ ನಿಜವಾದ ಆಕಾಶ. ಗಂಡಸರ ತಟ್ಟಿಯಾಚೆ ಕೂತ ನನಗೆ ಅವರ ಜಗಳ ಕೇಳುತ್ತಿತ್ತು. ಆ ಜಗಳ ಕೇಳಿದ ದಿನವೆಲ್ಲ ನನಗೆ ಹಸಿವು ಚೆನ್ನಾಗಿ ಆಗುತ್ತಿತ್ತು.

ಬಲ ಒಂದೇ ದಿನಕ್ಕೆ ಬರಲಿಲ್ಲ. ಮೊದಲು ರಾತ್ರಿಯ ನೋವು ಹೋಯಿತು. ಆಮೇಲೆ ಗೋಡೆ ಹಿಡಿಯುವುದು ಬಿಟ್ಟುಹೋಯಿತು. ಎಳ್ಳಮಾವಾಸ್ಯೆಗೆ ಎರಡು ಮಣೆಗಳಲ್ಲಿ ಒಂದು ಅಟ್ಟ ಸೇರಿತು. ಯುಗಾದಿಗೆ ಇನ್ನೊಂದು. ಒಂದು ಬೆಳಗ್ಗೆ ನಾನು ಡಂಗುರಕ್ಕೆ ಪ್ರಾಸ ಸಿಗದೆ ಒದ್ದಾಡುತ್ತಿದ್ದಾಗ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದಿನ ಜೊತೆ ಕೌದಿ ಹಾಡು ಕೇಳಿತು. ಶ್ರುತಿ ಅಷ್ಟೇನೂ ಸರಿಯಿರಲಿಲ್ಲ. ಅವ್ವ ನನ್ನ ಕಡೆ ನೋಡಿ ಬಾಯಿಗೆ ಬೆರಳಿಟ್ಟಳು, ಎಲ್ಲಿ ನಾನು ಹೊಗಳಿ ಹಾಡು ನಿಲ್ಲಿಸಿಬಿಡುತ್ತೇನೋ ಎಂದು.

ಹೀಗೆ ಹೋದ ವಾರದ ಕಾರಹುಣ್ಣಿಮೆ ಬಂತು. ಬಟ್ಟೆ ಹಾಸಿದರು. ಉಡಿ ತುಂಬಿತು. ಬಂಗಾರೆಮ್ಮ ಮಹಾನಂದಾಳ ಎದುರಿಗೇ ಕೂತಿದ್ದಳು, ಕಣ್ಣಿಗೆ ಕನ್ನಡಕವಿತ್ತು. ಹಾಡು ಮುಗಿಯುತ್ತ ಬಂದಂತೆ ಅವ್ವ ನನ್ನ ಅಂಗಿಯ ತೋಳು ಹಿಡಿದಳು. ಹಾಡು ನಿಂತಿತು. ಅಂಚು ಹಿಡಿದ ಕೈಗಳು ಬಿಗಿಯಾದವು. ಮಹಾನಂದಾ ಆಚೀಚೆಯವರ ಮೊಣಕೈಗೆ ತಾಗದಂತೆ ತುಸು ಸರಿದು ಕೂತಿದ್ದಳು, ಬೇಕೆಂದೇ. ಮುಂದಕ್ಕೆ ಬಾಗಿದಳು. ತೊಡೆ ಒಮ್ಮೆ ನಡುಗಿತು. ನಾನು ಉಸಿರು ಬಿಡುವುದರೊಳಗೆ ಅವಳು ನಿಂತಿದ್ದಳು, ಎರಡೂ ಕೈಯಲ್ಲಿ ಬಟ್ಟೆ ಹಿಡಿದು, ನೆಟ್ಟಗೆ.

ಎದುರಿಗೆ ಬಂಗಾರೆಮ್ಮ ಪೂರ್ತಿ ಎದ್ದಿರಲಿಲ್ಲ. ಅರ್ಧ ಎದ್ದು, ಅಲ್ಲೇ ನಿಂತಿದ್ದಳು, ಹೋದ ವರ್ಷ ಮಹಾನಂದಾ ನಿಂತ ಹಾಗೆ. ಕಾಜ ಹೊಲಿದವಳು ಅದರ ಕೆಳಗೆ ಒಂದು ದಿನವೂ ಬಂದು ಕೂತಿರಲಿಲ್ಲ, ಹಿರೇಸೂಜಿಗೆ ರೋಗವಿರಬಾರದಲ್ಲ. ಮಹಾನಂದಾ ಒಂದು ಗಳಿಗೆ ನೋಡಿದಳು. ಆಮೇಲೆ ಅಂಚು ಹಿಡಿದ ಹಾಗೆಯೇ, ಏನೋ ಮರೆತವಳಂತೆ, ಮತ್ತೆ ನೆಲಕ್ಕೆ ಕೂತಳು. "ನನ್ನ ದಾರ ಸಿಕ್ಕಾಗ್ಯದ, ಎಲ್ಲಾರೂ ಕುಂದರ್ರಿ. ಹಾಡು ಇನ್ನೊಮ್ಮಿ ಹೇಳೋಣ" ಎಂದಳು. ಸಾಲು ಕೂತಿತು. ಹಾಡು ಮತ್ತೆ ಶುರುವಾಯಿತು. ಈ ಸಲ ಏಳುವಾಗ ಬಂಗಾರೆಮ್ಮನ ಆಚೀಚೆಯ ಮೊಣಕೈಗಳು ಬಟ್ಟೆಯ ಮರೆಯಲ್ಲಿ ಸಿದ್ಧವಾಗಿದ್ದವು. ಎಲ್ಲರೂ ಎದ್ದರು. ಮಹಾನಂದಾ ಎರಡನೆಯ ಸಲ ಎದ್ದಳು. ಮನೆಗೆ ಬರುವಾಗ ಬಂಗಾರೆಮ್ಮನ ಪಕ್ಕದಲ್ಲಿ ಹಾದು, "ನನಗೂ ಈ ವರ್ಷ ಕಣ್ಣು ಮಂಜು ಚಿಗವ್ವ. ನಾಳಿ ಮುಂಜಾನಿ ಕಾಜದ ಕೆಳಗ ಬರ್ರಿ, ನಿಮ್ಮ ನೆರಳು ನಮ್ಮತ್ತಿ ಅಳೀತಾರ" ಎಂದಳು. ಬಂಗಾರೆಮ್ಮ ಬಂದಳು. ನೆರಳಿನ ಉದ್ದದ ಮೇಲೆ ಅವ್ವನೊಡನೆ ಜಗಳವಾಡಿದಳು, ಕೂತಳು.

ಇಷ್ಟೇ ನನ್ನ ಸುದ್ದಿ. ಇನ್ನು ಒಂದು ಬೇಡಿಕೆ. ನಮ್ಮ ಬಿಸಿಲು ಮನುಷ್ಯರನ್ನು ತಿನ್ನುತ್ತದೆ. ಅದಕ್ಕೇ ನಾವು ಕೌದಿಯ ಕೆಳಗೆ ಸೇರಿದೆವು. ನಿಮ್ಮ ಬಿಸಿಲು ಇನ್ನೂ ಬಾಗಿಲಲ್ಲಿ ಬಂದು ಕಾಯುತ್ತದೆ. ನೀವು ಗಾಜಿನ ಹಿಂದೆ ಕೂತು ಅದನ್ನು ನೋಡುತ್ತಿದ್ದೀರಿ. ಮುಪ್ಪಿನಲ್ಲಿ ಸೊಂಟ ಮುರಿದು ಮಲಗಿದ್ದಿರಿ ಎಂದು ನಿಮ್ಮ ಸೊಸೆ ತನ್ನ ಸೊಸೆಗೆ ಹೇಳಿದ್ದಾಳೆ. ಆ ಮಾತು ನಮ್ಮವರೆಗೂ ಬಂದಿದೆ. ಅದು ಇನ್ನೂ ನಡೆದಿಲ್ಲವಾದ್ದರಿಂದ, ನಡೆಯದೆಯೂ ಇರಬಹುದು ಎಂಬ ಆಸೆಯಿಂದ ಬರೆದಿದ್ದೇನೆ. ನಾಳೆ ಹೊತ್ತೇರಿದ ಮೇಲೆ ಮಾಳಿಗೆ ಹತ್ತಿ. ನಿಮ್ಮ ನೆರಳನ್ನು ನೋಡಿ. ಅದು ನಿಮಗಿಂತ ಗಿಡ್ಡವಾಗಿದ್ದರೆ ಅಂಗಿಯ ತೋಳು ಮಡಚಿ ಸ್ವಲ್ಪ ಹೊತ್ತು ಕೂಡಿ, ಸುಡುವ ಮೊದಲು ಇಳಿಯಿರಿ. ಬಣ್ಣದ ಚಿಂತೆ ಬೇಡ. ನಿಮ್ಮ ಸೀರೆಯ ಬಣ್ಣವೇ ಉಳಿಯಲಿಲ್ಲ. ನಮಗೆ ಬೇಕಾದದ್ದು ನಿಮ್ಮ ಹೊಲಿಗೆ.

ಮತ್ತೆ, ಈ ಪತ್ರವನ್ನು ನೆಲದ ಮೇಲೆ ಕೂತು ಓದಿ, ಆಯಿ. ಓದಿ ಮುಗಿದ ಮೇಲೆ ಎರಡೂ ಕೈಯಲ್ಲಿ ಕಾಗದ ಹಿಡಿದುಕೊಂಡು, ಕೈ ಊರದೆ ಏಳಿ. ಎದ್ದರೆ ನನಗೆ ಸಂತೋಷ. ಏಳಲಾಗದಿದ್ದರೆ ನಾಚಬೇಡಿ, ಯಾರನ್ನೂ ಮೈಗಳ್ಳಿ ಎನ್ನದ ಡಾಕ್ಟರೊಬ್ಬರನ್ನು ಹುಡುಕಿ ರಕ್ತ ಕೊಟ್ಟು ನೋಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಮೊಣಕೈ ಕೇಳಿ.

ಏಳಿ, ಆಯಿ. ಇಲ್ಲಿ ನಾವೆಲ್ಲ ನಿಮ್ಮ ಅಂಚು ಹಿಡಿದುಕೊಂಡು ನಿಂತಿದ್ದೇವೆ.

ನಿಮ್ಮ ಸೂಜಿಯ ಮನೆಯ
ರೇವಣಸಿದ್ಧ